ಸಾಹೇಬರ ಫೋನು ಯಾರ್ಯಾರ ಕೈಯಲ್ಲಿದೆ?

ಪ್ರಶ್ನೆ: ಸರ್, ನಾನು ಯಾದಗಿರಿ ಜಿಲ್ಲೆಯಾಗ ಒಬ್ಬ ಜನಪ್ರತಿನಿಧಿಯ ಆಪ್ತ ಸಹಾಯಕ. ಸಾಹೇಬ್ರ ಬಲ್ಲಿ ಒಂದೇ ಫೋನ್ ಅದ, ಎರಡು ಸಿಮ್. ಮನಿ ಮಂದಿ, ಅಧಿಕಾರಿಗಳು, ಪಕ್ಷದ ಗ್ರೂಪು, ಬ್ಯಾಂಕು, ಓಟಿಪಿ ಎಲ್ಲಾ ಅದರಾಗೇ. ಪ್ರವಾಸದಾಗ ಫೋನ್ ನನ್ನ ಕೈಯಾಗಿರ್ತದ, ನಾ ಇಲ್ಲಂದ್ರ ಡ್ರೈವರ್ ಕೈಯಾಗ. ಕಚೇರಿ ಕಂಪ್ಯೂಟರ್‌ನಾಗ ವಾಟ್ಸಾಪ್ ವೆಬ್ ಯಾವಾಗ್ಲೂ ತೆರೆದೇ ಇರ್ತದ. ದೊಡ್ಡ ದೇಶದ ಪ್ರಧಾನಿಗಳ ಫೋನೇ ಕದ್ದು ಕೇಳ್ಯಾರ ಅಂತ ಟೀವಿಯಾಗ ನೋಡಿ ಸಾಹೇಬ್ರು ಗಾಬರಿ ಆಗ್ಯಾರ. ‘ನಾಳಿಂದ ಕೀಪ್ಯಾಡ್ ಫೋನೇ ಸಾಕು, ಒಂದು ತಗೊಂಬಾ’ ಅಂದಾರ. ದೇಶ ನಡೆಸೋರು ಅಧಿಕಾರದಾಗ ಇರೋತನಕ ಸ್ವಂತ ಸ್ಮಾರ್ಟ್‌ಫೋನ್ ಇಟ್ಕೋಬಾರದು ಅನ್ನೋದು ಖರೇನಾ? ಫೋನ್ ಬಿಸಿ ಆದ್ರ ಯಾರೋ ಕೇಳಲತ್ಯಾರ ಅಂತಾರ, ಅದೂ ಖರೇ ಏನು? ನಮ್ಮಂಥ ಸಣ್ಣ ಮಟ್ಟದಾಗ ಏನು ಮಾಡಬೇಕು?

ಉತ್ತರ: ಕೀಪ್ಯಾಡ್ ಫೋನು ತರಲು ಹೊರಟಿದ್ದರೆ ಸ್ವಲ್ಪ ನಿಲ್ಲಿ. ಅದಕ್ಕೂ ಒಂದು ಕೆಲಸ ಇದೆ, ಮುಂದೆ ಹೇಳುತ್ತೇನೆ. ಆದರೆ ಸಾಹೇಬರು ಅಂದುಕೊಂಡ ಕೆಲಸಕ್ಕೆ ಅದು ಬರುವುದಿಲ್ಲ.

ಕೀಪ್ಯಾಡ್ ಫೋನಿನಲ್ಲಿ ಆಪ್ ಇಲ್ಲ, ಆದ್ದರಿಂದ ಆಪ್ ಮೂಲಕ ನುಗ್ಗುವವರ ಕಾಟ ಬಹುಪಾಲು ಇಲ್ಲ. ಅಷ್ಟರ ಮಟ್ಟಿಗೆ ಸಾಹೇಬರ ಮಾತು ಸರಿ. ಆದರೆ ಅದರಲ್ಲಿ ಮಾಡುವ ಕರೆ, ಕಳಿಸುವ ಎಸ್ಸೆಮ್ಮೆಸ್ಸು ಟೆಲಿಕಾಂ ಕಂಪನಿಯ ಜಾಲದೊಳಗೆ ಬಿಚ್ಚಿಟ್ಟ ಪತ್ರದ ಹಾಗೆ ಹೋಗುತ್ತವೆ. ಜಾಲದೊಳಗೆ ಯಾರಾದರೂ ಕೂತಿದ್ದರೆ ಓದಬಹುದು. 2024ರಲ್ಲಿ ಅಮೆರಿಕದಲ್ಲಿ ಆದದ್ದು ಇದೇ. ಚೀನಾ ಮೂಲದ್ದೆಂದು ಅಲ್ಲಿನ ಸರ್ಕಾರ ಹೇಳಿದ ‘ಸಾಲ್ಟ್ ಟೈಫೂನ್’ ಎಂಬ ಗುಂಪು ಅಲ್ಲಿನ ದೊಡ್ಡ ಟೆಲಿಕಾಂ ಕಂಪನಿಗಳ ಒಳಗೇ ಸೇರಿಕೊಂಡಿತ್ತು. ಆ ವರ್ಷ ಡಿಸೆಂಬರಿನಲ್ಲಿ ಅಲ್ಲಿನ ಸೈಬರ್ ಭದ್ರತಾ ಸಂಸ್ಥೆ ತನ್ನ ಹಿರಿಯ ಅಧಿಕಾರಿಗಳಿಗೆ, ನಾಯಕರಿಗೆ ಕೊಟ್ಟ ಮೊದಲ ಸಲಹೆ ಕೀಪ್ಯಾಡ್‌ಗೆ ಮರಳಿ ಎಂಬುದಲ್ಲ. ಎರಡೂ ತುದಿಯಲ್ಲಿ ಬೀಗ ಇರುವ, ಅಂದರೆ ನಡುವೆ ಯಾರೂ ಓದಲಾಗದ ಆಪ್‌ನಲ್ಲೇ ಮಾತಾಡಿ, ಎಸ್ಸೆಮ್ಮೆಸ್ ಓಟಿಪಿ ನಂಬಬೇಡಿ ಎಂದಿತ್ತು.

ಹಾಗಾದರೆ ವಾಟ್ಸಾಪ್ ಇದ್ದರೆ ಭಯವಿಲ್ಲವೇ? ಅದೂ ಅರ್ಧ ಸತ್ಯ. ಬೀದರ್‌ನ ಕರೇಜ್, ಅಂದರೆ ಸುರಂಗ ಬಾವಿ, ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ನೀರು ನೆಲದಡಿ ಕಾಲುವೆಯಲ್ಲಿ ಯಾರ ಕಣ್ಣಿಗೂ ಬೀಳದೆ ಹರಿಯುತ್ತದೆ. ನಡುವೆ ಅದನ್ನು ಮುಟ್ಟುವುದು ಕಷ್ಟ. ಆದರೆ ಬಾವಿಯ ಬಾಯಿ ತೆರೆದಿರುವಲ್ಲಿ ಯಾರು ಬೇಕಾದರೂ ಕೊಡ ಇಳಿಸಬಹುದು. ವಾಟ್ಸಾಪ್, ಸಿಗ್ನಲ್ ಇವುಗಳ ಗೂಢಲಿಪಿ ಆ ಕಾಲುವೆಯಿದ್ದಂತೆ. ಕಳಿಸಿದವರ ಫೋನು, ಪಡೆದವರ ಫೋನು, ನಿಮ್ಮ ಕಚೇರಿಯ ಕಂಪ್ಯೂಟರು ಮೂರೂ ತೆರೆದ ಬಾಯಿಗಳು. ಪೆಗಾಸಸ್‌ನಂಥ ಬೇಹು ತಂತ್ರಾಂಶ ಕಾಲುವೆಯನ್ನು ಒಡೆಯುವುದಿಲ್ಲ, ಫೋನಿನೊಳಗೆ ಕೂತು ನೀವು ಓದುವುದನ್ನು ತಾನೂ ಓದುತ್ತದೆ. ಕಚೇರಿಗೆ ಅರ್ಜಿ ಹಿಡಿದು ಬಂದವರು ನಿಮ್ಮ ಭುಜದ ಮೇಲಿಂದ ಸ್ಕ್ರೀನ್ ನೋಡಿದರೂ ಫಲ ಅದೇ. ಅದಕ್ಕೆ ಪೆಗಾಸಸ್‌ನ ಖರ್ಚೂ ಇಲ್ಲ.

ಬಿಸಿಯ ವಿಷಯ ಬೇಗ ಮುಗಿಸೋಣ. ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯ ಬಿಸಿಲಿಗೆ ಗಾಡಿಯ ಡ್ಯಾಶ್‌ಬೋರ್ಡ್ ಮೇಲಿಟ್ಟ ಫೋನು ಬಿಸಿಯಾಗದಿದ್ದರೆ ಅದೇ ಆಶ್ಚರ್ಯ. ಚಾರ್ಜ್ ಆಗುತ್ತಿರುವಾಗ ಕರೆ ಮಾಡಿದರೆ, ಟವರ್ ದೂರವಿದ್ದು ಫೋನು ಜೋರಾಗಿ ಸಿಗ್ನಲ್ ಹುಡುಕುತ್ತಿದ್ದರೆ ಬಿಸಿಯಾಗುತ್ತದೆ. ಒಳ್ಳೆಯ ಬೇಹು ತಂತ್ರಾಂಶ ಬಿಸಿಯನ್ನೂ ಮಾಡುವುದಿಲ್ಲ, ಬ್ಯಾಟರಿಯನ್ನೂ ತಿನ್ನುವುದಿಲ್ಲ. ಗೊತ್ತಾಗದಂತೆ ಇರುವುದೇ ಅದರ ಕಸುಬು. ಬಿಸಿಯಾದ ಫೋನು ನೋಡಿ ಹೆದರಬೇಡಿ, ತಣ್ಣಗಿರುವ ಫೋನು ನೋಡಿ ನಿಶ್ಚಿಂತೆಯಾಗಲೂ ಬೇಡಿ.

ಈಗ ಟೀವಿಯಲ್ಲಿ ನೋಡಿದ್ದಕ್ಕೆ ಬರೋಣ. ದೊಡ್ಡ ನಾಯಕರ ಫೋನು ಸೋರಿದ ಸುದ್ದಿಗಳನ್ನು ಎಲ್ಲರೂ ಒಂದೇ ಬುಟ್ಟಿಗೆ ಹಾಕುತ್ತಾರೆ. ಬಿಡಿಸಿ ನೋಡಿದರೆ ಒಂದೊಂದೂ ಬೇರೆ ಬೇರೆ ದಾರಿಯಲ್ಲಿ ಸೋರಿದೆ.

ಸ್ಪೇನ್ ಪ್ರಧಾನಿ ಪೆಡ್ರೊ ಸ್ಯಾಂಚೆಜ್ ಅವರ ಫೋನಿಗೆ 2021ರ ಮೇ ಮತ್ತು ಜೂನ್‌ನಲ್ಲಿ ಪೆಗಾಸಸ್ ನುಗ್ಗಿತ್ತು, ಮೊದಲ ಸಲವೇ 2.6 ಜಿಬಿ ಮಾಹಿತಿ ಹೋಗಿತ್ತು ಎಂದು ಅಲ್ಲಿನ ಸರ್ಕಾರವೇ 2022ರ ಮೇ ತಿಂಗಳಲ್ಲಿ ಹೇಳಿತು. ಗಮನಿಸಿ, ಅದು ಸರ್ಕಾರ ಕೊಟ್ಟ ಅಧಿಕೃತ ಫೋನು. ‘ಸರ್ಕಾರಿ ಫೋನ್ ಇದ್ದರೆ ಸಾಕು’ ಎನ್ನುವವರಿಗೆ ಇದು ಉತ್ತರ. ಆದರೆ ಇನ್ನೊಂದು ಮುಖವೂ ಇದೆ: ಅಧಿಕೃತ ಫೋನಾದ್ದರಿಂದ ಅದನ್ನು ಬಿಚ್ಚಿ ಪರೀಕ್ಷಿಸುವ ಹಕ್ಕು ಸರ್ಕಾರದ ತಜ್ಞರಿಗಿತ್ತು. ತಡವಾಗಿಯಾದರೂ ಗೊತ್ತಾಯಿತು. ಸ್ವಂತ ಫೋನಾಗಿದ್ದರೆ ‘ಸಾಹೇಬರೇ, ಫೋನ್ ಕೊಡಿ, ನೋಡುತ್ತೇವೆ’ ಎಂದು ಕೇಳುವ ಧೈರ್ಯ ಯಾರಿಗಿದೆ?

ಜರ್ಮನಿಯ ಆಗಿನ ಚಾನ್ಸಲರ್ ಏಂಜೆಲಾ ಮರ್ಕೆಲ್ ಅವರ ಮೊಬೈಲನ್ನು ಅಮೆರಿಕ ಕೇಳುತ್ತಿತ್ತು ಎಂಬ ಸುದ್ದಿ 2013ರ ಅಕ್ಟೋಬರ್‌ನಲ್ಲಿ ಹೊರಬಂತು. ಅದು ಪಕ್ಷದ ಕೆಲಸಕ್ಕೆ ಬಳಸುತ್ತಿದ್ದ ಮೊಬೈಲು ಎಂದು ಆಗಿನ ವರದಿಗಳು ಹೇಳಿದವು. ನಮ್ಮಲ್ಲೂ ನಾಯಕರ ನಿಜವಾದ ಮಾತುಕತೆ ನಡೆಯುವುದು ಇಂಥ ಫೋನಿನಲ್ಲೇ.

ಬ್ರಿಟನ್‌ನ ಬೋರಿಸ್ ಜಾನ್ಸನ್ ಅವರದ್ದು ನಗು ಬರುವಂಥದ್ದು. ಅವರ ಸ್ವಂತ ಮೊಬೈಲ್ ನಂಬರು 2006ರ ಒಂದು ಪತ್ರಿಕಾ ಹೇಳಿಕೆಯ ಕೆಳಗೆ ಅಚ್ಚಾಗಿತ್ತು, ಇಂಟರ್‌ನೆಟ್‌ನಲ್ಲಿ ಹಾಗೇ ಉಳಿದಿತ್ತು. ಅವರು ಪ್ರಧಾನಿಯಾದ ಮೇಲೂ ಅದೇ ನಂಬರು ಬಳಸುತ್ತಿದ್ದರು ಎಂಬುದು 2021ರಲ್ಲಿ ಬಯಲಾಯಿತು. ನಗುವ ಮೊದಲು ನಮ್ಮ ಬಸ್‌ಸ್ಟ್ಯಾಂಡ್ ಎದುರಿನ ಫ್ಲೆಕ್ಸ್‌ಗಳನ್ನು ನೋಡಿ. ಹುಟ್ಟುಹಬ್ಬ, ಜಾತ್ರೆ, ಉರುಸು, ಎಲ್ಲದಕ್ಕೂ ನಂಬರ್ ಸಮೇತ ಶುಭಾಶಯ. ಅದೇ ನಂಬರು ಬ್ಯಾಂಕಿಗೆ, ಆಧಾರ್‌ಗೆ, ವಾಟ್ಸಾಪ್‌ಗೆ. ಕಳ್ಳನಿಗೆ ಮೊದಲ ಮೆಟ್ಟಿಲು ಪುಕ್ಕಟೆ ಸಿಕ್ಕಂತೆ.

ಅಮೆರಿಕದ 2025ರ ಮಾರ್ಚ್ ಪ್ರಸಂಗದಲ್ಲಿ ಯಾರೂ ಏನನ್ನೂ ಹ್ಯಾಕ್ ಮಾಡಲೇ ಇಲ್ಲ. ಯೆಮನ್ ಮೇಲಿನ ದಾಳಿಯ ಚರ್ಚೆಗೆಂದು ಆಗಿನ ರಾಷ್ಟ್ರೀಯ ಭದ್ರತಾ ಸಲಹೆಗಾರ ಮೈಕ್ ವಾಲ್ಟ್ಸ್ ಸಿಗ್ನಲ್ ಆಪ್‌ನಲ್ಲಿ ಮಾಡಿದ ಗ್ರೂಪಿಗೆ ಜೆಫ್ರಿ ಗೋಲ್ಡ್‌ಬರ್ಗ್ ಎಂಬ ಪತ್ರಕರ್ತರೂ ಸೇರಿಬಿಟ್ಟರು. ಬೇರೊಬ್ಬರ ಹೆಸರಿನಡಿ ಅವರ ನಂಬರು ಸೇವ್ ಆಗಿತ್ತೆಂದು ನಂತರ ವರದಿಯಾಯಿತು. ಸಾಹೇಬರ ಫೋನಿನಲ್ಲಿ ‘ಪಾಟೀಲ್ ಸರ್’ ಎಂದು ಎಷ್ಟು ಜನರಿದ್ದಾರೆ, ಒಮ್ಮೆ ಎಣಿಸಿ. ಊರು, ಹುದ್ದೆ ಸೇರಿಸಿ ಹೆಸರು ತಿದ್ದುವುದು ಒಂದು ಮಧ್ಯಾಹ್ನದ ಕೆಲಸ.

ಇನ್ನು ರಷ್ಯಾದ ಪುಟಿನ್. ತನ್ನ ಬಳಿ ಸ್ಮಾರ್ಟ್‌ಫೋನೇ ಇಲ್ಲ ಎಂದು 2018ರಲ್ಲಿ ಅವರೇ ಹೇಳಿದ್ದರು. ಆದರೂ 2024ರ ಅಕ್ಟೋಬರ್‌ನಲ್ಲಿ ಫ್ರಾನ್ಸ್‌ನ ‘ಲ ಮೋಂಡ್’ ಪತ್ರಿಕೆ ಪುಟಿನ್, ಬೈಡನ್, ಮ್ಯಾಕ್ರನ್ ಎಲ್ಲರ ಓಡಾಟವನ್ನೂ ಅಂದಾಜು ಮಾಡಿ ತೋರಿಸಿತು. ಹೇಗೆ? ಅಂಗರಕ್ಷಕರು ಬೆಳಗಿನ ಓಟ ಅಳೆಯಲು ಸ್ಟ್ರಾವಾ ಎಂಬ ಆಪ್ ಹಾಕಿಕೊಂಡಿದ್ದರು. ಅವರು ಎಲ್ಲಿ ಓಡಿದರು ಎಂಬುದು ಎಲ್ಲರಿಗೂ ಕಾಣುತ್ತಿತ್ತು.

ನಾಯಕರ ಸುತ್ತಲಿನವರ ಫೋನಿನಿಂದ ಸೋರುವುದು ನೇರವಾಗಿ ನಿಮಗೆ ಸಂಬಂಧಿಸಿದ್ದು. ಕರ್ನಾಟಕದ 2019ರ ಸಮ್ಮಿಶ್ರ ಸರ್ಕಾರದ ಸಮಯದ ಪೆಗಾಸಸ್ ಪಟ್ಟಿಯ (ಗುರಿಯಾಗಿರಬಹುದಾದವರ ನಂಬರುಗಳ ಪಟ್ಟಿ) ಬಗ್ಗೆ 2021ರ ಜುಲೈನಲ್ಲಿ ಬಂದ ವರದಿಗಳಲ್ಲಿ ಆಗಿನ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರ ನಂಬರು ಇತ್ತು, ಜೊತೆಗೆ ಎಚ್.ಡಿ. ಕುಮಾರಸ್ವಾಮಿ, ಸಿದ್ದರಾಮಯ್ಯ ಅವರ ಆಪ್ತ ಕಾರ್ಯದರ್ಶಿಗಳ ನಂಬರುಗಳಿದ್ದವು. ಪಟ್ಟಿಯಲ್ಲಿ ನಂಬರಿದೆ ಎಂದರೆ ಫೋನಿಗೆ ಕನ್ನ ಬಿದ್ದಿದೆ ಎಂದಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ 29 ಫೋನ್ ಪರೀಕ್ಷಿಸಿ 5ರಲ್ಲಿ ಯಾವುದೋ ಕೆಟ್ಟ ತಂತ್ರಾಂಶ ಕಂಡಿತು, ಅದು ಪೆಗಾಸಸ್ ಎಂದು ಖಚಿತವಾಗಿ ಹೇಳಲಾಗಲಿಲ್ಲ. ಆದರೂ ನೋಡುವವರ ಕಣ್ಣು ಎಲ್ಲಿರುತ್ತದೆ ಎಂಬುದನ್ನು ಆ ಪಟ್ಟಿ ಹೇಳುತ್ತದೆ. ಸಾಹೇಬರ ಫೋನಿಗಿಂತ ನಿಮ್ಮ ಫೋನು ಸುಲಭ, ಸಿಗುವ ಮಾಹಿತಿ ಮಾತ್ರ ಹೆಚ್ಚುಕಡಿಮೆ ಅಷ್ಟೇ.

ಹಾಗಾದರೆ ದೇಶ ನಡೆಸುವವರು ಸ್ವಂತ ಸ್ಮಾರ್ಟ್‌ಫೋನ್ ಇಟ್ಟುಕೊಳ್ಳಬೇಕೇ, ಬೇಡವೇ? ಪೂರ್ತಿ ನಿಷೇಧ ಕೇಳಲು ಚೆಂದ, ನಡೆಯುವುದಿಲ್ಲ. ಫೋನು ಕಿತ್ತುಕೊಂಡರೆ ನಾಯಕರು ಪಕ್ಕದವರ ಫೋನು ಕೇಳುತ್ತಾರೆ; ತೂತು ಮುಚ್ಚುವುದಿಲ್ಲ, ಜಾಗ ಬದಲಾಗುತ್ತದೆ ಅಷ್ಟೇ. ಬಿಗಿ ಮಾಡಿದ ಸರ್ಕಾರಿ ಫೋನು ಮಾತ್ರ ಎಂಬುದು ಎರಡನೇ ದಾರಿ. ಒಬಾಮಾ 2009ರಲ್ಲಿ ಹಟ ಹಿಡಿದು ಬ್ಲ್ಯಾಕ್‌ಬೆರಿ ಉಳಿಸಿಕೊಂಡರು. ಭದ್ರತೆಯವರು ಅದನ್ನು ಬದಲಿಸಿ, ಬೆರಳೆಣಿಕೆಯ ಜನರಿಗಷ್ಟೇ ವಿಳಾಸ ಗೊತ್ತಿರುವಂತೆ ಮಾಡಿ ಕೊಟ್ಟರು. ಮುಂದೆ ಸಿಕ್ಕ ಫೋನಿನಲ್ಲಿ ಫೋಟೋ ತೆಗೆಯಲಾಗದು, ಮೆಸೇಜ್ ಕಳಿಸಲಾಗದು, ಮಕ್ಕಳ ಆಟಿಕೆಯಂತಿದೆ ಎಂದು 2016ರಲ್ಲಿ ಅವರೇ ತಮಾಷೆ ಮಾಡಿದ್ದರು. ಈ ದಾರಿಯ ಅಪಾಯವೂ ಇದೇ: ಬೇಸರ ಬಂದಾಗ ಕೈ ಜೇಬಿನಲ್ಲಿರುವ ಸ್ವಂತ ಫೋನಿಗೇ ಹೋಗುತ್ತದೆ. ಒಂದೇ ಫೋನಿನಲ್ಲಿ ‘ವರ್ಕ್ ಪ್ರೊಫೈಲ್’ ಮಾಡಿ ಕೆಲಸದ ಆಪ್, ಸ್ವಂತ ಆಪ್‌ಗಳ ನಡುವೆ ಗೋಡೆ ಹಾಕುವುದು ಮೂರನೆಯದು. ಸಾಮಾನ್ಯ ನೌಕರರಿಗೆ ಸಾಕು. ಆದರೆ ಪೆಗಾಸಸ್‌ನಂಥದ್ದು ಗೋಡೆಯ ಕೆಳಗಿನ ಪಾಯದೊಳಗೇ ಬರುವುದರಿಂದ ನಾಯಕರಿಗೆ ಸಾಲದು.

ನನ್ನ ಅಭಿಪ್ರಾಯ ಹೀಗಿದೆ. ಪ್ರಧಾನಿಯಾಗಲಿ, ಮಂತ್ರಿಯಾಗಲಿ, ಮಗಳಿಗೆ ಕರೆ ಮಾಡಲು ಸ್ವಂತ ಫೋನು ಇರಲಿ. ಆದರೆ ಅದರಲ್ಲಿ ಸರ್ಕಾರದ ಒಂದು ಸಾಲೂ ಇರಬಾರದು, ಮತ್ತು ಸಭೆ ನಡೆಯುವ ಕೋಣೆಯೊಳಗೆ ಅದು ಬರಬಾರದು. ಎರಡನೆಯದಕ್ಕೆ ತಂತ್ರಜ್ಞಾನವೂ ಬೇಡ. ನಮ್ಮ ಕೇಂದ್ರ ಸಂಪುಟ ಸಭೆಯೊಳಗೆ ಮೊಬೈಲ್ ತರಬಾರದೆಂದು 2016ರಲ್ಲೇ ಸೂಚನೆ ಹೊರಟಿತ್ತು. ಕನ್ನ ಬಿದ್ದ ಫೋನು ಮೇಜಿನ ಮೇಲಿದ್ದರೆ ಅದು ಮೈಕು. ಬಾಗಿಲಾಚೆ ಒಂದು ಕಟ್ಟಿಗೆ ಪೆಟ್ಟಿಗೆಯಲ್ಲಿ ಬಿದ್ದಿದ್ದರೆ ಅದು ಪೆಟ್ಟಿಗೆಯಲ್ಲಿ ಬಿದ್ದ ಫೋನು.

ಬೇಹುಗಾರಿಕೆಯ ಗದ್ದಲದಲ್ಲಿ ಎಲ್ಲರೂ ಮರೆಯುವ ಇನ್ನೊಂದು ಕಾರಣ ಇದೆ: ದಾಖಲೆ. ಸ್ವಂತ ಫೋನಿನ ವಾಟ್ಸಾಪ್‌ನಲ್ಲಿ ‘ಆ ಟೆಂಡರ್ ನಿಲ್ಲಿಸಿ’ ಎಂದು ಬರೆದರೆ ಅದು ಸರ್ಕಾರಿ ತೀರ್ಮಾನ, ಆದರೆ ಕಡತದಲ್ಲಿ ಇಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 2(ಎಫ್)ರಲ್ಲಿ ‘ಮಾಹಿತಿ’ ಎಂದರೆ ಇ-ಮೇಲ್ ಮತ್ತು ವಿದ್ಯುನ್ಮಾನ ರೂಪದ ದತ್ತಾಂಶವೂ ಸೇರಿದೆ. ನಾಳೆ ಯಾರಾದರೂ ಕೇಳಿದರೆ ಎಲ್ಲಿಂದ ತರುತ್ತೀರಿ? ಬ್ರಿಟನ್‌ನಲ್ಲಿ ಕೋವಿಡ್ ವಿಚಾರಣೆಗೆ ಜಾನ್ಸನ್ ಅವರ ಹಳೆಯ ಫೋನಿನ ವಾಟ್ಸಾಪ್ ಬೇಕಾದಾಗ, ಅದನ್ನು 2021ರಲ್ಲೇ ಬಂದ್ ಮಾಡಿಟ್ಟಿದ್ದರು, ಪಾಸ್‌ಕೋಡ್ ಸರಿಯಾಗಿ ನೆನಪಿಲ್ಲ ಎಂದು ಕೆಲಸ ಕೆಲಕಾಲ ನಿಂತಿತ್ತು.

ಈಗ ನಿಮ್ಮ ಕಚೇರಿ. ನಿಮ್ಮ ಸಾಹೇಬರ ಮೇಲೆ ಯಾವ ದೇಶವೂ ಪೆಗಾಸಸ್ ಬಿಡುವ ಸಾಧ್ಯತೆ ಕಡಿಮೆ. ಅದು ದುಬಾರಿ ಸರಕು. ನಿಮಗೆ ಬರುವುದು ‘ಮದುವೆ ಆಮಂತ್ರಣ’, ‘ಪಿಎಂ ಕಿಸಾನ್’, ‘ಆರ್‌ಟಿಓ ಚಲನ್’ ಎಂಬ ಹೆಸರಿನ ಎಪಿಕೆ ಫೈಲು, ಓಟಿಪಿ ಕೇಳುವ ಕರೆ, ಮತ್ತು ತೆರೆದಿಟ್ಟ ವಾಟ್ಸಾಪ್ ವೆಬ್. ಮದುವೆ ಕಾರ್ಡು ಪಿಡಿಎಫ್ ಅಥವಾ ಫೋಟೋ ಆಗಿರುತ್ತದೆ. ಹೆಸರಿನ ಕೊನೆಗೆ ಎಪಿಕೆ ಇದ್ದರೆ ಅದು ಆಪ್. ಇನ್‌ಸ್ಟಾಲ್ ಮಾಡಿದರೆ ಎಸ್ಸೆಮ್ಮೆಸ್ ಓದುವ, ‘ಆಕ್ಸೆಸಿಬಿಲಿಟಿ’ ಅನುಮತಿ ಕೇಳುತ್ತದೆ. ಕೊಟ್ಟರೆ ಸ್ಕ್ರೀನ್ ಅವರ ಕೈಗೆ ಹೋಯಿತು. ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆಪ್ಸ್’ ಎಂಬಲ್ಲಿ ವಾಟ್ಸಾಪ್, ಕ್ರೋಮ್, ಫೈಲ್ ಮ್ಯಾನೇಜರ್ ಮೂರಕ್ಕೂ ಬಂದ್ ಮಾಡಿ.

ಸಾಹೇಬರು ಹೇಳಿದ ಕೀಪ್ಯಾಡ್ ಫೋನು ಇಲ್ಲಿ ಕೆಲಸಕ್ಕೆ ಬರುತ್ತದೆ. ಫ್ಲೆಕ್ಸ್ ಮೇಲಿನ ನಂಬರಿನ ಸಿಮ್ ಅದಕ್ಕೆ ಹಾಕಿ ಕಚೇರಿಯಲ್ಲಿಡಿ. ಜನರ ಕರೆ ನೀವು ಎತ್ತಿ. ಆದರೆ ಮೊದಲು ಆ ನಂಬರಿನಿಂದ ಬ್ಯಾಂಕು, ಆಧಾರ್, ಇ-ಮೇಲ್ ಎಲ್ಲ ಬಿಡಿಸಿ ಬೇರೆ ಸಿಮ್‌ಗೆ ಹಾಕಿಸಬೇಕು. ಬ್ಯಾಂಕಿಗೆ ಶಾಖೆಗೇ ಹೋಗಿ, ಆಧಾರ್‌ಗೆ ಸೇವಾ ಕೇಂದ್ರಕ್ಕೆ ಹೋಗಿ. ಇದನ್ನು ಮಾಡದೆ ಸಿಮ್ ಮಾತ್ರ ಬದಲಿಸಿದರೆ ಓಟಿಪಿಗಳು ಕಚೇರಿಯ ಮೇಜಿನ ಮೇಲಿನ ಫೋನಿಗೆ ಬರುತ್ತವೆ. ಈಗಿನದಕ್ಕಿಂತ ಕೆಟ್ಟ ಸ್ಥಿತಿ. ಓಟಿಪಿ ಬರುವ ಹೊಸ ನಂಬರು ಸಾಹೇಬರ ಸ್ವಂತ ಫೋನಿನಲ್ಲಿರಲಿ, ಅದು ಸಾಹೇಬರು ಮತ್ತು ಮನೆಯವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಬಾರದು. ನಿಮಗೂ ಬೇಡ. ಇದು ನಿಮ್ಮ ಮೇಲಿನ ಅನುಮಾನವಲ್ಲ. ನಾಳೆ ಹಣ ಹೋದರೆ ಮೊದಲು ನೋಡುವುದು ಫೋನು ಹಿಡಿದವನ ಮುಖ. ಮೂರನೆಯ ಒಂದು ಫೋನು ಅಧಿಕಾರಿಗಳ ಜೊತೆಗಿನ ಕೆಲಸಕ್ಕೆ, ಅದು ಬೇಕಾದರೆ ನಿಮ್ಮ ಕೈಯಲ್ಲಿರಲಿ.

ಕೆಲಸದ ಫೋನಿಗೆ ಹೆಚ್ಚು ದುಡ್ಡು ಬೇಡ, ಆದರೆ ಕಂಪನಿ ಇನ್ನೂ ಭದ್ರತಾ ಅಪ್‌ಡೇಟ್ ಕೊಡುತ್ತಿರುವ ಮಾಡೆಲ್ ಆಗಿರಬೇಕು. ವಾರಕ್ಕೊಮ್ಮೆ ಬಂದ್ ಮಾಡಿ ಚಾಲೂ ಮಾಡಿ. ಕ್ಲಿಕ್ ಇಲ್ಲದೆ ನುಗ್ಗುವ ಎಷ್ಟೋ ತಂತ್ರಾಂಶ ರೀಸ್ಟಾರ್ಟ್ ಆದರೆ ಉಳಿಯುವುದಿಲ್ಲ, ಮತ್ತೆ ನುಗ್ಗಬೇಕಾಗುತ್ತದೆ. ಐಫೋನ್ ಇದ್ದರೆ ‘ಲಾಕ್‌ಡೌನ್ ಮೋಡ್’, ಆಂಡ್ರಾಯ್ಡ್ 16 ಇದ್ದರೆ ‘ಅಡ್ವಾನ್ಸ್ಡ್ ಪ್ರೊಟೆಕ್ಷನ್’ ಎಂಬ, ಭದ್ರತೆ ಬಿಗಿ ಮಾಡುವ ಸ್ವಿಚ್ ಇದೆ. ಹಾಕಿದರೆ ಕೆಲವು ವೆಬ್‌ಸೈಟ್ ಸರಿಯಾಗಿ ತೆರೆಯುವುದಿಲ್ಲ, ಕೆಲವು ಅಟ್ಯಾಚ್‌ಮೆಂಟ್ ಬರುವುದಿಲ್ಲ. ಒಂದು ವಾರ ಸಾಹೇಬರು ಬೈಯುತ್ತಾರೆ. ಲಾಕ್ ಆದ ಸ್ಕ್ರೀನ್ ಮೇಲೆ ಮೆಸೇಜಿನ ಒಳಗಿನ ಮಾತು ಕಾಣದಂತೆ ಮಾಡಿ, ಇಲ್ಲದಿದ್ದರೆ ಬೀಗ ಹಾಕಿದ ಫೋನಿನಲ್ಲೂ ಓಟಿಪಿ ಓದಬಹುದು.

ಸಿಮ್‌ಗೂ ಬೀಗ ಇದೆ ಎಂಬುದು ಬಹಳ ಜನಕ್ಕೆ ತಿಳಿಯದು. ಫೋನು ಕದ್ದವನು ಸಿಮ್ ಬಿಚ್ಚಿ ತನ್ನ ಫೋನಿಗೆ ಹಾಕಿದರೆ ನಿಮ್ಮ ಪಾಸ್‌ವರ್ಡ್ ಅವನಿಗೆ ಬೇಕೇ ಇಲ್ಲ, ಓಟಿಪಿ ಬರುತ್ತದೆ. ಸೆಕ್ಯುರಿಟಿ ಸೆಟ್ಟಿಂಗ್ಸ್‌ನಲ್ಲಿ ‘ಸಿಮ್ ಲಾಕ್’ ಹಾಕಿ. ಮೊದಲ ಪಿನ್ ಯಾವುದೆಂದು ಕಂಪನಿಗೆ ಕೇಳಿಯೇ ಹಾಕಿ, ಊಹೆ ಮಾಡಬೇಡಿ: ಮೂರು ಸಲ ತಪ್ಪಿದರೆ ಪಿಯುಕೆ (ಸಿಮ್ ಬೀಗ ಬಿಚ್ಚುವ ಸಂಖ್ಯೆ) ಕೇಳುತ್ತದೆ, ಪಿಯುಕೆ ಹತ್ತು ಸಲ ತಪ್ಪಿದರೆ ಸಿಮ್ ಸತ್ತಂತೆ. ಚೆನ್ನಾಗಿ ಸಿಗ್ನಲ್ ಬರುವ ಜಾಗದಲ್ಲಿ ದಿಢೀರನೆ ‘ನೋ ಸರ್ವಿಸ್’ ಬಂದು ಹಾಗೇ ನಿಂತರೆ, ನಿಮ್ಮ ಹೆಸರಲ್ಲಿ ಬೇರೆಯವರು ಸಿಮ್ ತೆಗೆಸಿರಬಹುದು. ಕಾಯಬೇಡಿ, ಬೇರೆ ಫೋನಿನಿಂದ ಕಂಪನಿಗೆ ಕರೆ ಮಾಡಿ. ಕರೆಗಳು ಬೇರೆಡೆ ತಿರುಗಿವೆಯೇ ಎಂದು *#21# ಒತ್ತಿ ನೋಡಬಹುದು. ##002# ಒತ್ತಿದರೆ ಎಲ್ಲ ತಿರುವು ರದ್ದು. ‘ಕೊರಿಯರ್ ಬಂದಿದೆ, *21* ಒತ್ತಿ ಈ ನಂಬರ್ ಹಾಕಿ’ ಎನ್ನುವವನು ಕೊರಿಯರ್‌ನವನಲ್ಲ.

ಕಾಗದಪತ್ರ ಸ್ಕ್ಯಾನ್ ಮಾಡಲು ಸಿಕ್ಕ ಆಪ್ ಬಳಸಬೇಡಿ. ಕ್ಯಾಮ್‌ಸ್ಕ್ಯಾನರ್ 2020ರಲ್ಲೇ ನಿಷೇಧವಾದ 59 ಆಪ್‌ಗಳಲ್ಲಿತ್ತು. ಹೊರಗಿನ ಸ್ಕ್ಯಾನರ್ ಆಪ್, ಎನಿಡೆಸ್ಕ್‌ನಂಥ ದೂರನಿಯಂತ್ರಣ ತಂತ್ರಾಂಶ ಬೇಡವೆಂದು ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ 2022ರಲ್ಲಿ ಸರ್ಕಾರಿ ನೌಕರರಿಗೆ ಮಾಡಿದ ಮಾರ್ಗಸೂಚಿಯಲ್ಲೂ ಇದೆ. ಸ್ಕ್ರೀನ್ ಒಡೆದು ಸೂಪರ್ ಮಾರ್ಕೆಟ್‌ನ ರಿಪೇರಿ ಅಂಗಡಿಗೆ ಕೊಡುವಾಗ ‘ಪಾಸ್‌ವರ್ಡ್ ಹೇಳ್ರಿ’ ಅಂದರೆ ಹೇಳಬೇಡಿ. ಸ್ಯಾಮ್‌ಸಂಗ್‌ನಲ್ಲಿ ‘ಮೇಂಟೆನೆನ್ಸ್ ಮೋಡ್’, ಪಿಕ್ಸೆಲ್‌ನಲ್ಲಿ ‘ರಿಪೇರಿ ಮೋಡ್’ ಹಾಕಿ ಕೊಟ್ಟರೆ ಅವರು ಫೋನು ಪರೀಕ್ಷಿಸಬಹುದು, ನಿಮ್ಮ ಫೋಟೋ, ಮೆಸೇಜು ಕಾಣುವುದಿಲ್ಲ. ಎರಡೂ ಇಲ್ಲದ ಫೋನಾದರೆ ಎದುರಿಗೇ ಕೂತು ಮಾಡಿಸಿ.

ಧ್ವನಿಯ ವಿಷಯದಲ್ಲೂ ಹುಷಾರು. ಅಮೆರಿಕದ ವಿದೇಶಾಂಗ ಸಚಿವ ಮಾರ್ಕೊ ರುಬಿಯೊ ಅವರ ದನಿಯನ್ನು ಕೃತಕ ಬುದ್ಧಿಮತ್ತೆಯಿಂದ ನಕಲು ಮಾಡಿ ಯಾರೋ ಮೂವರು ವಿದೇಶಾಂಗ ಮಂತ್ರಿಗಳನ್ನೇ ಸಂಪರ್ಕಿಸಿದ್ದು 2025ರಲ್ಲಿ ಹೊರಬಂತು. ಸಾಹೇಬರ ಭಾಷಣಗಳು ಯೂಟ್ಯೂಬ್‌ನಲ್ಲಿ ಇದ್ದೇ ಇವೆ. ‘ನಾನೇ ಮಾತಾಡೋದು, ಇವನಿಗೆ ಐವತ್ತು ಸಾವಿರ ಹಾಕು’ ಎಂದು ಹೊಸ ನಂಬರಿನಿಂದ ಬಂದರೆ, ಹೂಂ ಎಂದು ಇಟ್ಟು, ನಿಮಗೆ ಗೊತ್ತಿರುವ ನಂಬರಿಗೆ ನೀವೇ ಫೋನ್ ಹಚ್ಚಿ. ಹಾಗೆ ಮಾಡಿದರೆ ಸಿಟ್ಟಾಗುವುದಿಲ್ಲ ಎಂದು ಸಾಹೇಬರಿಂದ ಮೊದಲೇ ಮಾತು ತಗೊಂಡಿರಿ. ಇಂಥ ಮೋಸ ನಡೆಯುವುದೇ ದೊಡ್ಡವರ ಸಿಟ್ಟಿನ ಭಯದಿಂದ.

ಪ್ರತಿ ಫೋನಿನಲ್ಲೂ *#06# ಒತ್ತಿ ಬರುವ 15 ಅಂಕಿಯ ಐಎಂಇಐ (ಫೋನಿನ ಗುರುತು ಸಂಖ್ಯೆ) ಬರೆದಿಡಿ. ಫೋನು ಕಳೆದರೆ ಪೊಲೀಸ್ ದೂರು ಕೊಟ್ಟು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಬ್ಲಾಕ್ ಮಾಡಿಸಲು ಅದು ಬೇಕು. ಸಾಹೇಬರ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನೂ ಅಲ್ಲೇ ನೋಡಬಹುದು. ಹಣ ಹೋದರೆ ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ. ಮೊದಲ ಕೆಲವು ಗಂಟೆಯಲ್ಲೇ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಇವತ್ತು ಸಂಜೆಯೇ ಮಾಡಬೇಕಾದ್ದು ಒಂದಿದೆ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆಯಿರಿ. ಒಂದು ಖಾತೆಗೆ ನಾಲ್ಕು ಸಾಧನಗಳವರೆಗೆ ಜೋಡಿಸಬಹುದು. ನಿಮ್ಮ ಕಚೇರಿಯ ಕಂಪ್ಯೂಟರ್ ಅಲ್ಲದೆ ಬೇರೆ ಏನಾದರೂ ಕಂಡರೆ ಗಾಬರಿಯಲ್ಲಿ ತಕ್ಷಣ ಲಾಗೌಟ್ ಒತ್ತಬೇಡಿ. ಹೆಸರು ಮತ್ತು ‘ಲಾಸ್ಟ್ ಆಕ್ಟಿವ್’ ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ, ದೂರು ಕೊಡುವಾಗ ಬೇಕಾಗುತ್ತದೆ. ಆಮೇಲೆ ಕಚೇರಿಯದ್ದೂ ಸೇರಿ ಎಲ್ಲವನ್ನೂ ಲಾಗೌಟ್ ಮಾಡಿ, ‘ಟು-ಸ್ಟೆಪ್ ವೆರಿಫಿಕೇಶನ್’ನ ಆರಂಕಿ ಪಿನ್ ಹಾಕಿಸಿ. ಪಿನ್ ಒತ್ತುವುದು ಸಾಹೇಬರೇ ಆಗಲಿ, ನೀವು ಆ ಹೊತ್ತು ಕಿಟಕಿಯಾಚೆ ನೋಡಿ.